ಮೂರಡಿ ಜರುಗಿದ ರಸ್ತೆ

ರಸ್ತೆ ಅಗಲ ಮಾಡುವ ಕಾಮಗಾರಿಯಲ್ಲಿ ಅವನದು ಅಳತೆ ಹಿಡಿಯುವ ಕೆಲಸ. ಟೇಪು, ಕೆಂಪು ಬಣ್ಣದ ಡಬ್ಬಿ, ಒಂದು ಬ್ರಷ್ಷು, ಇಷ್ಟೇ ಅವನ ಸರಂಜಾಮು. ರಸ್ತೆಯ ನಡುವಿನಿಂದ ಎರಡೂ ಕಡೆಗೆ ಮೂವತ್ತು ಮೂವತ್ತು ಅಡಿ ಅಳೆದು, ಗೆರೆ ಎಲ್ಲಿ ಬೀಳುತ್ತದೋ ಆ ಗೋಡೆಗೆ ಕೆಂಪು ಗುರುತು ಹಾಕುತ್ತಿದ್ದ. ಅದರ ಹಿಂದೆಯೇ ಒಡೆಯುವ ಯಂತ್ರ ಬರುತ್ತಿತ್ತು. ಬೀದಿಯವರು ಅವನನ್ನು ಟೇಪಣ್ಣ ಎನ್ನುತ್ತಿದ್ದರು. ಅವನು ಟೇಪು ಬಿಚ್ಚಿದರೆ ಸಾಕು, ಮನೆಯೊಳಗೆ ನಗುತ್ತಿದ್ದವರೂ ಸುಮ್ಮನಾಗುತ್ತಿದ್ದರು.

ಬೀದಿಯ ತುದಿಯಲ್ಲಿ ರೈಲು ನಿಲ್ದಾಣ ಕಟ್ಟುತ್ತಿದ್ದರು. ಅಲ್ಲಿಗೆ ಬಸ್ಸು ಹೋಗಲೆಂದು ಈ ಅಗಲೀಕರಣ. ಶುರುವಾಗಿ ಏಳು ವರ್ಷ. ರೈಲಿಗಿಂತ ಮೊದಲು ಕಾಗೆಗಳು ಬಂದು ನಿಲ್ದಾಣದಲ್ಲಿ ಸಂಸಾರ ಹೂಡಿದ್ದವು. ರಸ್ತೆಯವರು ಮುಚ್ಚಿದ್ದನ್ನು ನೀರಿನವರು ಅಗೆದರು, ನೀರಿನವರು ಮುಚ್ಚಿದ್ದನ್ನು ಕೇಬಲ್ಲಿನವರು ಅಗೆದರು. ಕೆಲಸ ಮುಗಿಯುವ ದಿನಾಂಕ ಬರೆದ ಫಲಕಕ್ಕೆ ಬಣ್ಣದ ಮೇಲೆ ಬಣ್ಣ ಬಳಿದು, ಅಕ್ಷರಗಳು ಬೆರಳು ದಪ್ಪ ಉಬ್ಬಿದ್ದವು. ಬಸ್‌ಸ್ಟಾಪು ಎಷ್ಟು ಸಲ ಜಾಗ ಬದಲಿಸಿತ್ತೆಂದರೆ, ಜನ ಮೊದಲು ಸ್ಟಾಪನ್ನು ಹುಡುಕಿ ಆಮೇಲೆ ಬಸ್ಸಿಗೆ ಕಾಯಬೇಕಿತ್ತು.

ಎಡಸಾಲಿನ ಹನ್ನೊಂದು ಮನೆಗಳ ಮುಂಭಾಗ ಕಳೆದ ತಿಂಗಳೇ ನೆಲಕ್ಕುರುಳಿತ್ತು. ಅಂದಿನಿಂದ ಟೇಪಣ್ಣನಿಗೆ ಏನೋ ಗಂಟುಬಿದ್ದಿತ್ತು. ಆ ಕಡೆ ನಡೆಯುವಾಗ ಇಲ್ಲದ ಹೊಸ್ತಿಲು ದಾಟಲು ಕಾಲು ತಾನಾಗಿ ಮೇಲೇಳುತ್ತಿತ್ತು. ಬಾಗಿಲಿದ್ದ ಜಾಗ ಬಂದರೆ ತಲೆ ತಗ್ಗುತ್ತಿತ್ತು. ಯಾರದೋ ಮಲಗುವ ಕೋಣೆಯ ನೀಲಿ ಗೋಡೆ, ಯಾರದೋ ಅಡುಗೆಮನೆಯ ಮಸಿ ಬೀದಿಗೆ ಕಾಣುತ್ತಿತ್ತು. ನೋಡಬಾರದ್ದನ್ನು ನೋಡಿದವನಂತೆ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ.

ಎಲ್ಲಕ್ಕಿಂತ ಅವನನ್ನು ಕಾಡಿದ್ದು ಗಡಿಯಾರ ರಿಪೇರಿ ಮಾಡುವ ತಾತನ ಮನೆ. ಅಲ್ಲಿ ಮೆಟ್ಟಿಲೇ ಹೋಗಿತ್ತು. ಮಹಡಿಯ ಕೋಣೆಯ ಬಾಗಿಲು ಬರೀ ಗಾಳಿಗೆ ತೆರೆದುಕೊಳ್ಳುತ್ತಿತ್ತು. ದಿನಕ್ಕೆ ಹತ್ತು ಸಲ ಕಿರ್ರೆಂದು ತೆರೆದು, ಯಾರೋ ಕೆಳಗೆ ಇಣುಕುವಷ್ಟು ಹೊತ್ತು ಹಾಗೇ ನಿಂತು, ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು.

"ನೋಡಿದೆಯಾ? ನಮ್ಮನೆಯವಳು," ಎನ್ನುತ್ತಿದ್ದ ತಾತ, ಕೆಳಗೆ ಕುರ್ಚಿಯಲ್ಲಿ ಕೂತು. "ತೀರಿಕೊಂಡು ಮೂರು ವರ್ಷ ಆಯ್ತು. ಇದ್ದಾಗ ಗಂಟಲು ಹರಿಯೋ ಹಾಗೆ ಕೂಗಿದ್ರೂ ಇಳೀತಿರಲಿಲ್ಲ. ಈಗ ಇಳೀತೀನಿ ಅಂತಾಳೆ, ಮೆಟ್ಟಿಲಿಲ್ಲ."

"ಗಾಳಿ ತಾತ, ಗಾಳಿಗೆ."

"ಗಾಳಿನೇ ಆಗ್ಲಿ ಬಿಡಪ್ಪ. ಅವಳ ಸೀರೆ, ಅವಳ ಕನ್ನಡಕ ಎಲ್ಲ ಮೇಲೇ ಇದೆ. ಇನ್ನೊಂದು ಮೂರಡಿ ಉಳಿಸಿದ್ರೆ ಕಿರಿದಾಗಾದ್ರೂ ಒಂದು ಮೆಟ್ಟಿಲು ಕಟ್ಟಿಸ್ಕೋತಿದ್ದೆ."

ಟೇಪಣ್ಣ ಟೇಪು ಸುತ್ತಿಕೊಂಡು ಜಾಗ ಖಾಲಿ ಮಾಡುತ್ತಿದ್ದ.

ಬಲಸಾಲಿಗೆ ಗುರುತು ಹಾಕುವ ಹಿಂದಿನ ದಿನ ಕೇಬಲ್ಲಿನವನೊಬ್ಬ ಬಂದು ರಸ್ತೆಯಲ್ಲಿದ್ದ ಮೊಳೆಯನ್ನು ಕೀಳತೊಡಗಿದ. ರಸ್ತೆಯ ನಡುವನ್ನು ಗುರುತಿಸುವವರು ಸೋಡಾ ಬಾಟಲಿಯ ತಗಡಿನ ಮುಚ್ಚಳವನ್ನು ಮೊಳೆಗೆ ಚುಚ್ಚಿ ಡಾಂಬರಿಗೆ ಹೊಡೆಯುತ್ತಾರೆ, ದೂರದಿಂದ ಹೊಳೆಯಲೆಂದು. ಆ ಮೊಳೆಯಿಂದಲೇ ಟೇಪಣ್ಣ ಎಡಸಾಲನ್ನು ಅಳೆದಿದ್ದ.

"ಏಯ್, ರಸ್ತೆಯ ನಡು ಅದು! ಯಾಕೆ ಕೀಳ್ತೀಯ?"

"ಯಾವ ನಡು? ಇದು ನಮ್ಮ ಮೊಳೆ ಅಣ್ಣ. ಕೆಳಗೆ ಕೇಬಲ್ ಇದೆ ಅಂತ ನಾನೇ ಹೊಡೆದಿದ್ದೆ. ಸೋಡಾ ನಿಮ್ಮ ಇಲಾಖೆಯವರು ಮಾತ್ರ ಕುಡೀತಾರಾ?"

ಮೊಳೆ ಕಣ್ಣೆದುರಿಗೇ ಇದ್ದಾಗ ನಕ್ಷೆ ಬಿಚ್ಚುವವರು ಯಾರು? ಟೇಪಣ್ಣ ಈಗ ಬಿಚ್ಚಿದ. ನಕ್ಷೆ ತೋರಿಸಿದ ಕಡೆ ಹಾರೆಯಿಂದ ಕೆತ್ತಿದ. ನಾಲ್ಕು ಪದರ ಡಾಂಬರಿನ ಕೆಳಗೆ ತುಕ್ಕು ಹಿಡಿದ ಇನ್ನೊಂದು ಮುಚ್ಚಳ, ಇನ್ನೊಂದು ಮೊಳೆ. ಸರಿಯಾಗಿ ಮೂರಡಿ ಬಲಕ್ಕೆ.

ಅಂದರೆ ಎಡಗಡೆಯವರ ಮೂರಡಿ ಸುಮ್ಮಸುಮ್ಮನೆ ಹೋಗಿತ್ತು. ನಿಜ ಹೇಳಿದರೆ ಅದು ಅವರಿಗೆ ಮರಳುತ್ತದೆ, ಬಲಗಡೆ ಮೂರಡಿ ಹೆಚ್ಚು ಒಡೆಯಬೇಕಾಗುತ್ತದೆ. ಬಲಗಡೆಯ ಮೊದಲ ಮನೆ ಅವನ ಸ್ವಂತ ಅಕ್ಕನದು. ತಪ್ಪು ಮೊಳೆಯಿಂದ ಅಳೆದರೆ ಅವಳ ಮೆಟ್ಟಿಲು ಮಾತ್ರ ಹೋಗುತ್ತಿತ್ತು. ಸರಿ ಮೊಳೆಯಿಂದ ಅಳೆದರೆ ಮುಂದಿನ ಕೋಣೆಯ ಅರ್ಧವೂ ಹೋಗುತ್ತಿತ್ತು. ಅಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡೇ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು.

ಇಂಜಿನಿಯರು ಎಲ್ಲ ಕೇಳಿ ನಕ್ಕುಬಿಟ್ಟರು. "ಏಳು ವರ್ಷ ತಡವಾದ ರಸ್ತೆಗೆ ಮೂರಡಿ ಯಾವ ಲೆಕ್ಕನಯ್ಯಾ? ನಿಮ್ಮಕ್ಕನ ಕೋಣೆ ಉಳಿಯುತ್ತೆ ತಾನೇ? ಬೀದೀಲಿ ಹೋಗೋ ಮಾರೀನ ಮನೆಗೆ ಕರೀಬೇಡ. ಸುಮ್ಮನೆ ಅಳತೆ ಮುಗಿಸು."

ಅವನು ಅಳತೆ ಪುಸ್ತಕ ಹಿಡಿದು ಜಲ್ಲಿರಾಶಿಯ ಮೇಲೆ ಕೂತ. ಆ ಪುಸ್ತಕದಲ್ಲಿ ಅಳಿಸುವಂತಿಲ್ಲ. ತಪ್ಪಾದರೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕಬೇಕು. ಹಾಗೆ ಬರೆದದ್ದನ್ನು ಇಂಜಿನಿಯರೂ ಇಲ್ಲವೆನ್ನಲಾರರು. ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಎದುರಿಗೆ ತಾತನ ಮಹಡಿಯ ಬಾಗಿಲು ಕಿರ್ರೆಂದಿತು. ಗಾಳಿ ಇರಲಿಲ್ಲ. ಅದು ಮುಚ್ಚಿಕೊಳ್ಳಲೆಂದು ಅವನು ಕಾದ. ಮುಚ್ಚಲಿಲ್ಲ. ಪುಸ್ತಕದಲ್ಲಿ ಹನ್ನೊಂದು ಮನೆಗಳ ಅಳತೆಗೂ ಒಂದೊಂದಾಗಿ ಗೆರೆ ಹೊಡೆದು, ಸರಿಯಾದದ್ದು ಬರೆದು, ಸಹಿ ಹಾಕಿ ಮುಗಿಸುವವರೆಗೂ ಅದು ತೆರೆದೇ ಇತ್ತು.

ಮರುದಿನ ಬೆಳಿಗ್ಗೆ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

"ಮೆಟ್ಟಿಲು ತಾನೇ ಹೋಗೋದು?" ಎಂದಳು, ತಲೆಯೆತ್ತದೆ.

"ಇಲ್ಲಕ್ಕ. ಒಳಗೆ ಬರುತ್ತೆ." ಅವಳ ಬೆನ್ನ ಹಿಂದಿನ ಗೋಡೆಯ ಅರ್ಧಕ್ಕೆ ಕೈ ತೋರಿಸಿದ. "ಇಲ್ಲಿವರೆಗೆ."

ಯಂತ್ರ ನಿಂತಿತು. "ಮೊನ್ನೆ ಮೆಟ್ಟಿಲು ಅಂದಿದ್ದೆ."

ಅವನು ಮೊಳೆಯ ಕತೆ, ತಾತನ ಕತೆ, ಪುಸ್ತಕದ ಕತೆ ಎಲ್ಲ ತೊದಲುತ್ತಾ ಹೇಳಿದ. ಬಾಗಿಲಿನ ವಿಷಯ ಮಾತ್ರ ಹೇಳಲಿಲ್ಲ.

"ಊರಿಗೆಲ್ಲ ಒಬ್ಬನೇ ಸತ್ಯವಂತ, ನನ್ನ ತಮ್ಮ!" ಅಕ್ಕ ಹಲ್ಲಿನಿಂದ ದಾರ ಕಡಿದಳು. "ಅಳತೆ ತಪ್ಪಿದ್ರೆ ಹೊಲಿಗೆ ಬಿಚ್ಚಲೇಬೇಕು ಅಂತ ನಿನಗೆ ಹೇಳಿಕೊಟ್ಟವಳೇ ನಾನು. ನನ್ನ ಬಾಯಿಗೆ ಬೆಂಕಿ ಬೀಳ. ಹಾಕು. ಸೊಟ್ಟ ಹಾಕಬೇಡ."

ಅವನು ಗುರುತು ಹಾಕಿದ. ಅಕ್ಕ ಎದ್ದು ಯಂತ್ರವನ್ನು ಒಬ್ಬಳೇ ಅಡುಗೆಮನೆ ಕಡೆಗೆ ಎಳೆಯತೊಡಗಿದಳು. ಅವನು ಕೈ ಹಾಕಲು ಹೋದರೆ "ಬಿಡು" ಎಂದಳು. ಎರಡು ಹೆಜ್ಜೆ ಎಳೆದು, ಏದುಸಿರು ಬಿಟ್ಟು, "ಹಿಡಿ" ಎಂದಳು.

ಯಂತ್ರದ ಕಾಲುಗಳು ಹದಿನೈದು ವರ್ಷ ಊರಿದ್ದ ಕಡೆ ನೆಲದಲ್ಲಿ ನಾಲ್ಕು ಕುಳಿ ಬಿದ್ದಿದ್ದವು. ಅವನು ಅವನ್ನೇ ನೋಡುತ್ತಾ ನಿಂತುಬಿಟ್ಟ. ಅಕ್ಕ ಚಾಪೆ ತಂದು ಅವುಗಳ ಮೇಲೆ ಹಾಸಿದಳು.

"ಸಾಕು, ನಡಿ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತಿದ್ದಾರೆ."