ಬೇವಿನ ನೆರಳಿನ ಅಲಸಂದಿ

ಯಲಬುರ್ಗಾದಲ್ಲಿ, ನಿಜಾಮರ ಆಡಳಿತದ ಕೊನೆಯ ವರ್ಷಗಳಲ್ಲಿ, ಪಕ್ಕದ ಹೊಲದವಳನ್ನು ನಾವು ದೊಡ್ಡವ್ವ ಎನ್ನುತ್ತಿದ್ದೆವು. ಮುಖ ನೆನಪಿಲ್ಲ. ಎಲೆಯನ್ನು ಬಿಸಿಲಿಗೆ ಹಿಡಿದು ನೋಡುವ ಅವಳ ಕೈ ಮಾತ್ರ ಹಸಿರು ಬೆಳಕಿನಲ್ಲಿ ತೇಲಿ ಬರುತ್ತದೆ.

ಅವಳ ಹೊಲದ ಬೇವಿನ ಕೆಳಗೆ ಅಲಸಂದಿ ಎತ್ತರ ಬೆಳೆದು, ಅಗಲವಾದ ಎಲೆ ಬಿಡುತ್ತಿತ್ತು. ಕಾಯಿ ಮಾತ್ರ ಕಟ್ಟುತ್ತಿರಲಿಲ್ಲ. “ಸೊಕ್ಕ್ಯಾವ,” ಎನ್ನುತ್ತಿದ್ದಳು, ಮಕ್ಕಳನ್ನು ಬೈದಂತೆ. ನೆರಳಿನಿಂದಲೇ ಹೀಗೆಂದು ಅವಳ ಗಂಡ ಬೇವನ್ನೇ ಕಡಿಯುತ್ತೇನೆಂದ. ಮಧ್ಯಾಹ್ನ ಬುತ್ತಿ ಬಿಚ್ಚಲು ಅವಳಿಗೆ ಇದ್ದದ್ದು ಅದೊಂದೇ ನೆರಳು. ಒಂದು ಹಂಗಾಮು ತಡೆಯಿರೆಂದು ಬೇಡಿ, ಬಿಳಿ ಅಲಸಂದಿಯ ಜೊತೆ ತವರಿನ ಕೆಂಪು ಅಲಸಂದಿಯನ್ನೂ ಅಲ್ಲಿ ಬಿತ್ತಿದಳು.

ಕಾಯಿ ಬಿಡಿಸುವ ಹೊತ್ತಿಗೆ ಗಂಡ ಕೊಡಲಿ ಹಿಡಿದು ಬಂದ. ಬಿಳಿಯದು ಮತ್ತೆ ಸೊಕ್ಕಿತ್ತು. ಕೆಂಪಿನಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ. ಬಣ್ಣ ಅದಲುಬದಲಾಗಿರಬಹುದು, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

“ಇಷ್ಟಕ್ಕ ಈ ಬೇವಿನ ಗಿಡ ಉಳಸಬೇಕೇನ? ನಿನ್ನ ತವರಮನಿ ಬೀಜಾನೂ ನಿನ್ನಂಗ ಹಟಮಾರಿ!”

“ಹೌದ್ರಿ. ನಿಮ್ಮ ನೆರಳಿನ್ಯಾಗ ನಾ ಬಾಳೇ ಮಾಡಿಲ್ಲೇನ್ರಿ? ಹಂಗ ಅದೂ.”

ಆತ ನಕ್ಕನೋ, ಸಿಟ್ಟಾದನೋ. ಕೊಡಲಿಯನ್ನು ಬೇವಿನ ಬೊಡ್ಡೆಗೆ ಒರಗಿಸಿ, ಅಲ್ಲೇ ಕುಳಿತು ಒಂದು ಹಸಿ ಕಾಯಿ ಸುಲಿಯತೊಡಗಿದ.