ಕಿರುಬೆರಳಿನ ಕುಂಕುಮ

ನಮ್ಮ ಬಟನ್ ಬದುಕಿದಳು! ಇವತ್ತು ಬೆಳಿಗ್ಗೆ ಡಾಕ್ಟರಮ್ಮ ಅವಳ ಹೊಟ್ಟೆಯ ಮೇಲಿನ ಒಂಬತ್ತು ಹೊಲಿಗೆಗಳನ್ನೂ ಬಿಚ್ಚಿ, "ಕರ್ಕೊಂಡ್ಹೋಗಿ ಅಜ್ಜಿ, ಇನ್ನು ಮೇಲೆ ನಿಮ್ಮನೇನ ಇವಳೇ ಆಳ್ತಾಳೆ" ಅಂದರು. ಹತ್ತೊಂಬತ್ತು ವರ್ಷ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸಿದವಳು ನಾನು. ಅಷ್ಟು ಚಿಕ್ಕ ಹೊಟ್ಟೆಯ ಮೇಲೆ ಅಷ್ಟು ಅಚ್ಚುಕಟ್ಟಾದ ಹೊಲಿಗೆ ಕಂಡಿರಲಿಲ್ಲ. ಆಸ್ಪತ್ರೆಯಿಂದ ಲಗ್ಗೆರೆಗೆ ಬರುವಷ್ಟರಲ್ಲಿ ಆಟೋದವನಿಗೆ, ಎಳನೀರಿನವನಿಗೆ, ಗುರುತಿಲ್ಲದ ಇಬ್ಬರು ಹೆಂಗಸರಿಗೆ, ಎಲ್ಲರಿಗೂ ಹೇಳಿದೆ. ಮೊಮ್ಮಗಳಿಗೆ ನಾಚಿಕೆಯಾಯಿತು. "ಸುಮ್ನಿರಜ್ಜಿ, ಎಲ್ರೂ ನೋಡ್ತಾವ್ರೆ." ನೋಡಲಿ. ನಾಯಿ ಬದುಕಿದೆ, ನೋಡಲಿ!

ಬೀದಿಯ ತಿರುವಿನಲ್ಲಿ ಪೂಜಾರಪ್ಪ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಏನೂ ಕೇಳಲಿಲ್ಲ. ಕಿರುಬೆರಳನ್ನು ಬಟ್ಟಲಿಗೆ ಅದ್ದಿ ಬಟನ್ ಹಣೆಗೆ ಒಂದು ಚುಕ್ಕೆ ಇಟ್ಟರು, ಅಷ್ಟೇ.

ಅವರ ಬಲಗೈಯಲ್ಲಿ ಉಳಿದಿರುವುದು ಹೆಬ್ಬೆರಳು ಮತ್ತು ಕಿರುಬೆರಳು. ನಡುವಿನ ಮೂರು ಬೆರಳಿದ್ದ ಜಾಗ ಹಳೆಯ ಹೊಸ್ತಿಲಿನ ಹಾಗೆ ಸವೆದು ನುಣ್ಣಗಾಗಿದೆ. ಅವರು ಇಡುವ ಕುಂಕುಮ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಪೀಣ್ಯದ ಯಾವ ಕಾರ್ಖಾನೆಯ ಗೇಟಿನಲ್ಲಿ ನಿಂತು ನೋಡಿದರೂ ನಮ್ಮ ಬೀದಿಯವರನ್ನು ಹಣೆ ನೋಡಿ ಗುರುತಿಸಬಹುದು.

ಲಗ್ಗೆರೆ ಹಳ್ಳಿಯಾಗಿದ್ದಾಗಿನಿಂದ ನಮ್ಮ ಮಾರಮ್ಮನ ಪೂಜೆ ಅವರ ಮನೆತನದ್ದು. ಗುಡಿ ಸಣ್ಣದು, ಬಗ್ಗಿ ಒಳಗೆ ಹೋಗಬೇಕು. ಸುತ್ತ ಅವರದೇ ರಾಗಿ ಹೊಲವಿತ್ತಂತೆ. ಈಗ ಹೊಲದಲ್ಲಿ ಶೆಡ್ಡುಗಳಿವೆ, ಗುಡಿಯ ಹಿಂದಿನ ಗೋಡೆಯೇ ಒಂದು ಪ್ರೆಸ್ ಶೆಡ್ಡಿನ ಗೋಡೆ. ಒಳಗೆ ಆಳೆತ್ತರದ ಯಂತ್ರ ತಗಡನ್ನು ಒತ್ತುತ್ತದೆ. ಧಡ್. ಸ್ವಲ್ಪ ಬಿಟ್ಟು ಇನ್ನೊಮ್ಮೆ ಧಡ್. ಒಂದೊಂದು ಏಟಿಗೂ ದೀಪದ ಕುಡಿ ಬೆಚ್ಚುತ್ತದೆ. ಅಮ್ಮನ ಬೆಳ್ಳಿ ಕಣ್ಣುಗಳು ಸಣ್ಣಗೆ ಅದುರುತ್ತವೆ. ಹೊಸಬರು ನೋಡಿದರೆ ಅಮ್ಮ ಕಣ್ಣು ಮಿಟುಕಿಸಿದಳು ಅಂತ ಕೈಮುಗಿದು ಓಡುತ್ತಾರೆ.

ಪ್ರಾಯದಲ್ಲಿ ಪೂಜಾರಪ್ಪನೂ ಆ ಪ್ರೆಸ್ಸಿನಲ್ಲೇ ಕೆಲಸಕ್ಕಿದ್ದರು. ಬೆರಳು ಹೋದದ್ದು ಅಲ್ಲೇ. ಅದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಾತೆಲ್ಲ ಬಂದವರನ್ನು ಕಿಚಾಯಿಸುವುದಕ್ಕೆ. ಬೈಕಿನಲ್ಲಿ ಬಂದ ಹುಡುಗರಿಗೆ, "ಏನ್ ಗುರು, ಪ್ರಮೋಷನ್ನಾ, ಹುಡುಗೀನಾ? ಎರಡೂ ಒಂದೇ ಕಾಯಿಗೆ ಆಗಕ್ಕಿಲ್ಲ" ಅನ್ನುತ್ತಿದ್ದರು. ಆದರೆ "ಒಳ್ಳೇದಾಗುತ್ತಾ ಪೂಜಾರಪ್ಪ?" ಅಂತ ಕೇಳಿದರೆ ಹೂಂ ಅಂದವರಲ್ಲ. "ನೋಡಾನ" ಅನ್ನುವರು. ಗರ್ಭಗುಡಿಯಿಂದ ಹೊರಗೆ ಬರುವಾಗ ಹಿಂದೆ ಹಿಂದೆಯೇ ಹೆಜ್ಜೆ ಇಡುವರು. ಅಮ್ಮನಿಗೆ ಅವರು ಬೆನ್ನು ತೋರಿಸಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ನೋಡಿಲ್ಲ.

ಮನೆ ಕಟ್ಟುವುದಕ್ಕೆ, ಗಂಡು ಒಪ್ಪುವುದಕ್ಕೆ, ಎಲ್ಲಕ್ಕೂ ಜನ ಅಲ್ಲಿ ಹೂವಿನ ಪ್ರಸಾದ ಕೇಳುತ್ತಾರೆ. ಅಮ್ಮನ ಎರಡು ಭುಜಕ್ಕೂ ನೀರು ಅದ್ದಿದ ಹೂವು ಅಂಟಿಸಿ ಕಾಯುವುದು. ಬಲಗಡೆಯದು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಪೂಜಾರಪ್ಪ ಮಧ್ಯಾಹ್ನ ಹನ್ನೆರಡೂವರೆಗೆ ಮಾತ್ರ ಪ್ರಸಾದ ಕೇಳಿಸುತ್ತಿದ್ದರು. ನಡುಹಗಲಿನ ಮುಹೂರ್ತ ಒಳ್ಳೆಯದೇನೋ ಅಂತ ಇಷ್ಟು ವರ್ಷ ನಾನು ಅಂದುಕೊಂಡಿದ್ದೆ.

ಇನ್ನು ಬಟನ್. ನನ್ನ ಅಳಿಯನ ಕಂಪನಿಯ ಸೂಪರ್ವೈಸರು ಮನೆ ಖಾಲಿ ಮಾಡುವಾಗ ಬೇಡವೆಂದು ಬಿಟ್ಟುಹೋದ ನಾಯಿ ಅದು. ಬೊಗಸೆಯಲ್ಲಿ ಕೂರುವಷ್ಟು ಗಾತ್ರ, ತೂಕ ಎರಡು ಕೆಜಿಯೂ ಇಲ್ಲ. ಕಿವಿ ಮಾತ್ರ ದೊಡ್ಡದು. ನಾಲ್ಕನೇ ಕ್ಲಾಸಿನ ಮೊಮ್ಮಗಳು ಅದನ್ನು ಊಟದ ಬ್ಯಾಗಿನಲ್ಲಿ ಕೂರಿಸಿಕೊಂಡು ಬೀದಿ ಸುತ್ತುವಳು.

ಹೋದ ತಿಂಗಳು ಅದು ನೀರು ಕುಡಿಯಲು ಶುರು ಮಾಡಿತು. ಬಟ್ಟಲು ಬಟ್ಟಲು ಕುಡಿಯಿತು. ಊಟ ಬಿಟ್ಟಿತು. ಮೈ ಒಣಗುತ್ತಾ ಹೋಯಿತು, ಹೊಟ್ಟೆ ಮಾತ್ರ ದಿನದಿನಕ್ಕೆ ಬಿಗಿಯಾಗಿ ಉಬ್ಬಿತು. ಮಂಚದ ಕೆಳಗೆ ಮೂಲೆಗೆ ಮುಖ ಮಾಡಿ ಮಲಗುತ್ತಿತ್ತು. ಆ ಕಡೆಯಿಂದ ಒಂದು ಕೆಟ್ಟ ವಾಸನೆ ಬರತೊಡಗಿತು. ಆ ವಾಸನೆ ನನಗೆ ಗೊತ್ತಿತ್ತು. ನಮ್ಮ ಯಜಮಾನರ ಕಾಲಿನ ಗಾಯ ಕೊನೆಯ ವಾರದಲ್ಲಿ ಹಾಗೇ ನಾರಿತ್ತು. ಆಪರೇಷನ್ ಅಂತ ಅವರನ್ನು ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ಆಮೇಲೆ ನಾನು ಅವರನ್ನು ನೋಡಿದ್ದು ಬಿಳಿ ಬಟ್ಟೆಯೊಳಗೆ.

ಡಾಕ್ಟರಮ್ಮ ಬಟನ್ ಹೊಟ್ಟೆ ಮುಟ್ಟಿ ನೋಡಿದರು, ಯಂತ್ರ ಇಟ್ಟು ನೋಡಿದರು. "ಗರ್ಭಕೋಶದ ತುಂಬ ಕೀವು ಅಜ್ಜಿ. ತೆಗೀಬೇಕು. ತೆಗೀದಿದ್ರೆ ಒಳಗೇ ಒಡೆದುಹೋಗುತ್ತೆ, ಎರಡೋ ಮೂರೋ ದಿನ, ಅಷ್ಟೇ."

"ತೆಗೆದ್ರೆ ಉಳೀತದಾ ಮೇಡಂ?"

"ತುಂಬ ಚಿಕ್ಕ ನಾಯಿ. ವಯಸ್ಸೂ ಆಗಿದೆ. ಮತ್ತು ಬರೋ ಇಂಜೆಕ್ಷನ್ ಕೊಟ್ರೆ ಮತ್ತೆ ಏಳದೇನೂ ಇರಬಹುದು. ನಾನು ಸುಳ್ಳು ಹೇಳಲ್ಲ. ಇವತ್ತು ಡ್ರಿಪ್ ಹಾಕಿ ಕಳಿಸ್ತೀನಿ, ನಾಳೆ ಮೂರು ಗಂಟೆಯೊಳಗೆ ಹೇಳಿ."

ಮನೆಯಲ್ಲಿ ಜಗಳ. ಅಳಿಯ ಅಂದ, "ನೆಮ್ಮದಿಯಾಗಿ ಓಗ್ಲಿ ಬಿಡಿ ಅತ್ತೆ. ಟೇಬಲ್ ಮೇಲೆ ಕುಯ್ದು ಯಾಕೆ ಸಾಯಿಸ್ಬೇಕು?" ಮಗಳು ಅಂದಳು, "ಮಂಚದ ಕೆಳಗೆ ಕೊಳೆಸಿ ಸಾಯ್ಸಿದ್ರೆ ಪುಣ್ಯಾನಾ?" ಮೊಮ್ಮಗಳು ಇಬ್ಬರ ಮುಖವನ್ನೂ ನೋಡಿ, "ಅಜ್ಜಿ ಹೇಳ್ಲಿ. ಅಜ್ಜಿ ಹೇಳ್ದಂಗೆ ಮಾಡಿ" ಅಂದುಬಿಟ್ಟಳು. ಅಲ್ಲಿಗೆ ಎಲ್ಲ ನನ್ನ ತಲೆಯ ಮೇಲೆ ಬಂತು.

ನನಗೆ ತಡೆಯಲಾಗಲಿಲ್ಲ. ಮರುದಿನ ಹತ್ತು ಗಂಟೆಗೇ ಗುಡಿಗೆ ಹೋದೆ. ಪೂಜಾರಪ್ಪ ಇರಲಿಲ್ಲ, ನೀರು ತರಲು ಹೋಗಿದ್ದರು. ನಮ್ಮ ಮನೆಯ ಪೇಂಟ್ ಡಬ್ಬದಲ್ಲಿ ಹಬ್ಬಿರುವ ಬಳ್ಳಿಯಿಂದ ನೀಲಿ ಶಂಖಪುಷ್ಪ ಎರಡು ಕಿತ್ತುಕೊಂಡು ಹೋಗಿದ್ದೆ. ನಾನೇ ಅಮ್ಮನ ಭುಜಗಳಿಗೆ ಅಂಟಿಸಿದೆ. ಕಣ್ಣು ಮುಚ್ಚಿ, "ಕುಯ್ಯಿಸಲಾ ತಾಯಿ?" ಅಂತ ಕೇಳಿದೆ.

ಧಡ್.

ಕಣ್ಣು ಬಿಟ್ಟಾಗ ಎಡಗಡೆಯ ಹೂವು ಅಮ್ಮನ ಪಾದದ ಹತ್ತಿರ ಬಿದ್ದಿತ್ತು.

ಹೇಗೆ ಮನೆಗೆ ಬಂದೆನೋ ತಿಳಿಯದು. "ಅಮ್ಮ ಬೇಡ ಅಂದಳು" ಅಂದೆ. ಯಾರೂ ಎದುರು ಮಾತಾಡಲಿಲ್ಲ. ಮೊಮ್ಮಗಳು ಅಳಲೂ ಇಲ್ಲ, ಮಂಚದ ಕೆಳಗೆ ನುಗ್ಗಿ ನಾಯಿಯ ಪಕ್ಕ ಮಲಗಿಕೊಂಡಳು. ಅವಳ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಅಳಿಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ಊಳಕ್ಕೆ ಮಣ್ಣಾದ್ರೂ ಎಲ್ಲೈತೆ ಈ ಏರಿಯಾದಲ್ಲಿ? ಎಲ್ಲಾ ಕಾಂಕ್ರೀಟು" ಅಂದ. ಆಮೇಲೆ ಯಾರಲ್ಲೋ ಗುದ್ದಲಿ ಕೇಳಲು ಹೋದ. ನಾಯಿ ಇನ್ನೂ ಉಸಿರಾಡುತ್ತಿತ್ತು.

ಹನ್ನೆರಡು ದಾಟಿರಬೇಕು. ಬಾಗಿಲಲ್ಲಿ ಪೂಜಾರಪ್ಪ. ಅವರು ನಮ್ಮ ಮನೆಗೆ ಬಂದವರೇ ಅಲ್ಲ. ಹೆಬ್ಬೆರಳು ಕಿರುಬೆರಳಿನ ನಡುವೆ ಬಾಡಿದ ನೀಲಿ ಹೂವು.

"ಇದು ನಿಮ್ಮನೆ ಊವ ಅಲ್ವೇನವ್ವ? ಈ ಬೀದೀಲಿ ಇದು ಇನ್ಯಾರ ಮನೇಲೈತೆ? ಏನು ಕೇಳ್ದೆ? ಎಷ್ಟೊತ್ತಿಗೆ ಕೇಳ್ದೆ?"

ಹೇಳಿದೆ.

"ಅತ್ತು ಗಂಟೇಲಿ ಅಲ್ಲಿ ಮಾತಾಡೋದು ಯಾರವ್ವ? ಅಮ್ಮನಾ, ಮಿಷನ್ನಾ? ಏಳು, ಮಗೀನೂ ನಾಯೀನೂ ಕರ್ಕೊಂಡ್ ಬಾ. ಬಿರ್ರನೆ ಬಾ."

ಮೊಮ್ಮಗಳು ಬಟನನ್ನು ಊಟದ ಬ್ಯಾಗಿಗೆ ಇಳಿಸಿದಳು. ಅದರ ಕತ್ತು ನಿಲ್ಲುತ್ತಿರಲಿಲ್ಲ. ಗುಡಿ ಸೇರುವ ಹೊತ್ತಿಗೆ ಪೂಜಾರಪ್ಪ ಹೊಸ ಹೂವು ಅಂಟಿಸಿ, ಹಿಂದಿನ ಗೋಡೆಗೆ ಅಂಗೈ ಆನಿಸಿ ನಿಂತಿದ್ದರು. ಅವರು ಗಡಿಯಾರ ಕಟ್ಟುವುದಿಲ್ಲ. ಧಡ್. ಧಡ್. ಆಮೇಲೆ ಊಟದ ಸೈರನ್ ಕೂಗಿತು, ಯಂತ್ರ ನಿಂತಿತು.

ಹದಿನೆಂಟು ವರ್ಷದಿಂದ ಆ ಗುಡಿಗೆ ಹೋಗುತ್ತಿದ್ದೇನೆ, ಅಂಥ ನಿಶ್ಶಬ್ದವನ್ನು ಅಲ್ಲಿ ಗಮನಿಸಿರಲಿಲ್ಲ. ಕಿವಿಯಲ್ಲಿ ಗುಂಯ್ ಅಂದಿತು. ದೀಪದ ಕುಡಿ ನೆಟ್ಟಗೆ ನಿಂತಿತು. ಅಮ್ಮನ ಕಣ್ಣುಗಳು ಅಲುಗಲಿಲ್ಲ, ನನ್ನನ್ನೇ ನೋಡುತ್ತಿದ್ದವು. ಬ್ಯಾಗಿನೊಳಗಿನ ಉಸಿರೊಂದೇ ಕೇಳುತ್ತಿತ್ತು. ಬೇಗ ಬೇಗ ಎಳೆದುಕೊಂಡು, ನಡುವೆ ಒಮ್ಮೆ ನಿಂತು, ಮತ್ತೆ ಶುರುವಾಗುತ್ತಿತ್ತು. ಅದು ನಿಂತಾಗಲೆಲ್ಲ ನಾವು ಮೂವರೂ ಉಸಿರು ಹಿಡಿಯುತ್ತಿದ್ದೆವು.

ಹೂವು ಬೀಳಲಿಲ್ಲ. ಎಡಗಡೆಯದೂ ಇಲ್ಲ, ಬಲಗಡೆಯದೂ ಇಲ್ಲ.

"ತಾತ, ಇನ್ನೂ ಎಷ್ಟೊತ್ತು?" ಮೊಮ್ಮಗಳು ಪಿಸುಗುಟ್ಟಿದಳು.

"ಅವ್ಳಿಗೂ ಯೋಚ್ನೆ ಇರ್ತದಲ್ಲ ಮಗ."

ಆ ನಿಶ್ಶಬ್ದದಲ್ಲಿಯೇ ಅವರು ಕೈಯನ್ನು ಮುಂದೆ ಚಾಚಿ ನನಗೆ ತೋರಿಸಿದರು. ಪ್ರೆಸ್ಸಿಗೆ ಸಿಕ್ಕಿ ಜಜ್ಜಿಹೋದದ್ದು ನಡುಬೆರಳು ಒಂದೇ ಅಂತೆ. ಅಂದೇ ತೆಗೆದುಬಿಡೋಣ, ಸಹಿ ಹಾಕಿ ಅಂತ ಡಾಕ್ಟರು ಅವರ ತಾಯಿಯನ್ನು ಕೇಳಿದರಂತೆ.

"ನಮ್ಮವ್ವ ಇಲ್ಲಿಗೆ ಓಡಿ ಬಂದ್ಲು. ನಿನ್ನಂಗೇ, ಅನ್ನೊಂದು ಗಂಟೇಲಿ. ಊವ ಎಡಕ್ಕೆ ಬಿತ್ತು. ಮೂರು ದಿನ ಸಹಿ ಆಕ್ಲಿಲ್ಲ. ಅಷ್ಟರಲ್ಲಿ ಅಕ್ಕಪಕ್ಕದ್ದಕ್ಕೂ ಅತ್ಕೊಂತು." ಕೈಯನ್ನು ಹಿಂದಕ್ಕೆ ಎಳೆದುಕೊಂಡು ಹೇಳಿದರು, "ಎಷ್ಟೋ ವರ್ಷ ಆದ್ಮೇಲೆ, ಇಲ್ಲಿ ಪೂಜೆ ಮಾಡ್ತಾ ಮಾಡ್ತಾ ಗೊತ್ತಾಯ್ತು, ಏಟು ಬಿದ್ದಾಗ್ಲೇ ಊವ ಬೀಳೋದು ಅಂತ. ನಮ್ಮವ್ವಂಗೆ ಇದನ್ನ ಕೊನೇವರ್ಗೂ ಏಳ್ಲಿಲ್ಲ. ಅವ್ಳು ತಡೀತಿರ್ಲಿಲ್ಲ."

ನಾನು ನಮ್ಮ ಯಜಮಾನರ ಬಾಗಿಲು ಮುಚ್ಚಿದ ಕಥೆ ಹೇಳಿದೆ. ಅವರು ಕೇಳಿಸಿಕೊಂಡರು, ಸಮಾಧಾನ ಹೇಳಲಿಲ್ಲ. "ಬದುಕ್ತದೆ" ಅನ್ನಲೂ ಇಲ್ಲ. ಮತ್ತೆ ಗೋಡೆಗೆ ಅಂಗೈ ಇಟ್ಟರು. ಊಟ ಮುಗಿಸಿದ ಕೆಲಸಗಾರರು ಶೆಡ್ಡಿನೊಳಗೆ ಬರುವ ಸದ್ದು ಕೇಳುತ್ತಿತ್ತು.

"ಈಗ ಒಲ್ಟೋಗಿ" ಅಂದರು. "ಅಮ್ಮ ಊಂ ಅನ್ಲಿಲ್ಲ, ಊಂಊಂನೂ ಅನ್ಲಿಲ್ಲ. ನಿನ್ನ ಕೈಗೇ ಬಿಟ್ಟವ್ಳೆ. ಸೈರನ್ ಆಗೋಕ್ ಮುಂಚೆ ಬೀದಿ ದಾಟ್ಬಿಡು. ತಿರುಗಿ ಮಾತ್ರ ನೋಡ್ಬೇಡ."

ಮೊಮ್ಮಗಳ ಕೈ ಹಿಡಿದು ನಡೆದೆ. ಗುಡಿ ದಾಟಿ ಹತ್ತು ಹೆಜ್ಜೆ ಹೋಗಿರಬಹುದು, ಸೈರನ್ ಕೂಗಿತು. ಬೆನ್ನ ಹಿಂದೆ ಧಡ್ ಅಂದಿತು. ಹುಡುಗಿ ಕತ್ತು ತಿರುಗಿಸಲು ಹೋದಳು, ಅವಳ ತಲೆಯನ್ನು ನನ್ನ ಸೊಂಟಕ್ಕೆ ಒತ್ತಿ ಹಿಡಿದೆ. ಎದುರಿಗೆ ಅಳಿಯ ಗುದ್ದಲಿ ಹೊತ್ತು ಬರುತ್ತಿದ್ದ.

"ಅದನ್ನ ಕೊಟ್ಟವ್ರಿಗೇ ವಾಪಸ್ ಕೊಟ್ಟು ಬಾ. ಆಪರೇಷನ್ ಮಾಡಿಸ್ತಿದೀನಿ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಆಸ್ಪತ್ರೆಯಲ್ಲೂ ಬಾಗಿಲು ಮುಚ್ಚಿತು. ಅದೇ ಥರದ ಬಾಗಿಲು, ಮೇಲೆ ಅದೇ ಥರದ ಕೆಂಪು ದೀಪ. ಒಳಗೆ ಹೋಗುವಾಗ ಬಟನ್ ಒಂದು ಟವೆಲಿನ ಮಡಿಕೆಯಷ್ಟಿತ್ತು. ನಾನು ಬೆಂಚಿನಲ್ಲಿ ಕೂತು ದೇವರನ್ನೂ ನೆನೆಯಲಿಲ್ಲ. ಕೇಳಿದರೆ ಮತ್ತೆಲ್ಲಿ ಏನಾದರೂ ಬೀಳುತ್ತದೋ ಅಂತ ಹೆದರಿಕೆ. ಗೋಡೆಯ ಹಲ್ಲಿ ಲೊಚಗುಟ್ಟಿದರೂ ಅದು ಯಾವ ಕಡೆಯಿಂದ ಅಂತ ತಿರುಗಿ ನೋಡುತ್ತಿದ್ದೆ. ಒಂದು ಸಲ ಒಳಗಿನಿಂದ ಯಾರೋ ಓಡಿ ಬಂದು ಏನೋ ತೆಗೆದುಕೊಂಡು ಮತ್ತೆ ಓಡಿಹೋದರು. ಮೊಮ್ಮಗಳು ನನ್ನ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಡಾಕ್ಟರಮ್ಮ ಮುಖಕ್ಕೆ ಕಟ್ಟಿದ್ದ ಬಟ್ಟೆ ಇಳಿಸಿ, "ಮಧ್ಯದಲ್ಲಿ ಒಂದು ಸಲ ಉಸಿರು ನಿಲ್ಲಿಸ್ಬಿಟ್ಟಿದ್ಲು ಅಜ್ಜಿ. ಗಟ್ಟಿಗಿತ್ತಿ, ವಾಪಸ್ ಬಂದ್ಲು" ಅಂದರು. ಇನ್ನೊಂದು ದಿನ ತಡವಾಗಿದ್ದರೆ ಒಳಗೇ ಒಡೆದಿರುತ್ತಿತ್ತಂತೆ.

ಇದಾಗಿ ಹನ್ನೆರಡು ದಿನ. ಮೊದಮೊದಲು ಅವಳು ಮಲಗಿದ್ದಲ್ಲೇ ಇದ್ದಳು, ನಾವು ಮೂಗಿನ ಹತ್ತಿರ ಬೆರಳು ಹಿಡಿದು ಹಿಡಿದು ನೋಡುತ್ತಿದ್ದೆವು. ಐದನೇ ದಿನ ಬಾಲ ಆಡಿಸಿದಳು. ಇವತ್ತು ಹೊಲಿಗೆ ಬಿಚ್ಚಿದರು!

ಸಂಜೆ ಊಟಕ್ಕೆ ಬರಲೇಬೇಕು ಅಂತ ಪೂಜಾರಪ್ಪನನ್ನು ಕರೆದೆ. "ನೋಡಾನ" ಅಂದರು, ಆದರೂ ಬಂದರು, ಶರ್ಟು ಬದಲಾಯಿಸಿಕೊಂಡು ಬಂದರು. ಮಗಳು ಮುದ್ದೆ, ಕೋಳಿ ಸಾರು ಮಾಡಿದ್ದಳು. ಬಟನಿಗೆ ಖಾರ ಹಾಕದೆ ಬೇಯಿಸಿದ ನಾಲ್ಕು ಚೂರು, ಕಾಫಿ ಸಾಸರಿನಲ್ಲಿ. ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು. ಗುದ್ದಲಿಯ ವಿಷಯಕ್ಕೆ ಮಗಳು ಗಂಡನನ್ನು ಇನ್ನೂ ಬಿಟ್ಟಿಲ್ಲ. "ತಗೊಳ್ರೀ ಇನ್ನೊಂದು ಮುದ್ದೆ, ಅಗೆಯೋಕೆ ಶಕ್ತಿ ಬೇಕಲ್ಲ" ಅಂದಳು. ಅವನು ತಲೆ ತಗ್ಗಿಸಿ ನಕ್ಕ.

ದೂರದಲ್ಲಿ ಎರಡನೇ ಶಿಫ್ಟಿನ ಪ್ರೆಸ್ ಶುರುವಾಯಿತು. ಧಡ್. ಲೋಟದ ನೀರು ಸಣ್ಣಗೆ ಅದುರಿತು. ಮನಸ್ಸಿನಲ್ಲಿ ಹನ್ನೆರಡು ದಿನದಿಂದ ಕೊರೆಯುತ್ತಿದ್ದದ್ದನ್ನು ನಾನು ಕೇಳಿಯೇಬಿಟ್ಟೆ.

"ಪೂಜಾರಪ್ಪ, ಅವತ್ತು ನಾವು ಹೋದ್ಮೇಲೆ ಮೊದಲನೇ ಏಟಿಗೆ ಹೂವು ಬಿದ್ದಿರುತ್ತಲ್ಲ. ಯಾವ ಕಡೆ ಬಿತ್ತು?"

ಎರಡು ಬೆರಳಲ್ಲಿ ಮುರಿದ ಮುದ್ದೆಯ ತುತ್ತು ಸಾರಿನ ಮೇಲೆ ನಿಂತಿತು. ಅವರು ನನ್ನನ್ನು ನೋಡಲಿಲ್ಲ, ಸಾಸರಿಗೆ ಮೂತಿ ಹಾಕಿದ್ದ ಬಟನನ್ನು ನೋಡಿದರು.

"ನಂಗೇನ್ ಗೊತ್ತವ್ವ? ನೀವು ಓಗೋದನ್ನ ನೋಡ್ತಾ, ಅಮ್ಮಂಗೆ ಬೆನ್ನು ಮಾಡಿ ನಿಂತಿದ್ದೆ."

ನಾನು ಎದ್ದು ಅವರ ತಟ್ಟೆಗೆ ಸಾರು ಬಡಿಸಿದೆ. "ಸಾಕು ಸಾಕು, ನೀನೂ ಕೂತ್ಕೊ, ಮುದ್ದೆ ಆರೋಗ್ತದೆ" ಅಂದರು. ಮತ್ತೊಮ್ಮೆ ಧಡ್ ಅಂದಿತು. ಬಟನ್ ದೊಡ್ಡ ಕಿವಿ ಎತ್ತಿ ಒಂದು ಗಳಿಗೆ ಆಲಿಸಿ, ಮತ್ತೆ ಸಾಸರು ನೆಕ್ಕಲು ಶುರು ಮಾಡಿದಳು. ನಾವೂ ಊಟ ಮುಂದುವರಿಸಿದೆವು.