ಡಬ್ಬಿಯ ತಳದ ಗುರುತು

ವೈಟ್‌ಫೀಲ್ಡಿನ ಆ ಕಚೇರಿಯ ಊಟದ ಕೋಣೆಯಲ್ಲಿ ಮೈಕ್ರೋವೇವಿನ ಮುಂದೆ, ಬುತ್ತಿ ಬಿಸಿಮಾಡಿಕೊಡುವ ಕೆಲಸದ ಬಾಗಲಕೋಟೆಯ ಮಹಾನಂದಾ ಗರ್ಭಗುಡಿಯ ದ್ವಾರಪಾಲಕಿಯಂತೆ ನಿಂತಿರುತ್ತಾಳೆ. ಸ್ಟೀಲು ಡಬ್ಬಿ ಕಂಡರೆ “ಕಿಡಿ ಹಾರತೈತ್ರಿ ಸಾರ್” ಎಂದು ತಡೆಯುವಳು; ಚಿನ್ನದ ಗೆರೆಯ ಪಿಂಗಾಣಿಯನ್ನೂ ಒಳಗೆ ಬಿಡಳು. ಪ್ಲಾಸ್ಟಿಕ್ ಡಬ್ಬಿಯನ್ನಂತೂ ಮೂಸಿ, ಮುಖ ಸಿಂಡರಿಸಿ, ಅನ್ನವನ್ನು ತನ್ನ ಗಾಜಿನ ಬಟ್ಟಲಿಗೆ ಸುರಿದೇ ಬಿಸಿಮಾಡುವಳು. ಸಾಕ್ಷಾತ್ ಶಿವನೇ ಬುತ್ತಿ ತಂದರೂ ನೇಮ ಅದೇ. ತುಂಬು ಬಸುರಿ ದಿವ್ಯಾ ಒಮ್ಮೆ ತನ್ನ ಪ್ಲಾಸ್ಟಿಕ್ ಡಬ್ಬಿಯ ತಳ ತೋರಿಸಿ, “ನೋಡಿ ಮಹಾನಂದಕ್ಕ, ಮೈಕ್ರೋವೇವಿಗೆ ಆಗತ್ತೆ ಅಂತ ಗುರುತೇ ಇದೆಯಲ್ಲ” ಎಂದು ನಕ್ಕಳು. ಮಹಾನಂದಾ ನಗಲಿಲ್ಲ. “ಪೀಣ್ಯದ ಡಬ್ಬಿ ಫ್ಯಾಕ್ಟರಿಯೊಳಗ ಆ ಗುರುತು ಒತ್ತಾಕಿ ನಾನ ಇದ್ನಿರಿ ಮೇಡಂ. ಹಳೇ ಬ್ಯಾಟರಿ ಡಬ್ಬಿ ಕರಗಿಸಿದ ಪ್ಲಾಸ್ಟಿಕ್ಕಿಗೂ ಅದ ಗುರುತು ಒತ್ತೀನ್ರಿ. ಆ ಹೊಗಿಯೊಳಗ ನಾನೂ ನಿಮ್ಮಂಗ ಬಸುರಿದ್ದೆ, ಕೂಸು ಉಳೀಲಿಲ್ಲ. ಕೊಡ್ರಿ ಇಲ್ಲಿ ಡಬ್ಬಿ.”